ಹುಳಿ ನೀರಿನ ಒಕ್ಕಲು

ಸೂಕ್ಷ್ಮದರ್ಶಕ ಹಿಡಿದವನಿಗೆ ವಿಚಿತ್ರ ಜೀವಿಗಳು ಕಾಣುವುದು ಸಹಜ. ನನಗೆ ಮಾತ್ರ ಅದರಿಂದ ಕಣ್ಣು ತೆಗೆದ ಮೇಲೆಯೇ ಹೆಚ್ಚು ಕಾಣುತ್ತವೆ. ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುವ ಮಾಸ್ತರ. ಅಥಣಿ ಕಡೆಯ ಒಂದು ಹಳ್ಳಿಯಲ್ಲಿ ಪಾಳುಬಿದ್ದ ಕಲ್ಲಿನ ಖಣಿ ಇದೆ. ಯಾವುದೋ ಕಾರ್ಖಾನೆಯ ಟ್ಯಾಂಕರ್ ಬಂದು ಅದರಲ್ಲಿ ಆಸಿಡ್ ನೀರು ಸುರಿದು ಹೋಗುತ್ತದೆ. ಪಕ್ಕದಲ್ಲೇ ಒಬ್ಬ ಜೈನ ಅಜ್ಜಿಯ ಕುಡಿಯುವ ನೀರಿನ ಬಾವಿ. ಊರಿಗೆಲ್ಲ ಅವರು ಆಯಿ. ಬಾವಿಯ ನೀರೂ ಹುಳಿಯಾಗತೊಡಗಿದಾಗ ಆಯಿ ನನ್ನನ್ನು ಕರೆಸಿದರು. ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ.

ಬಸ್ಸಿನಲ್ಲಿ ಕಷಾಯ

ಖಣಿಯ ನೀರಿಗೆ ಕೆಂಪು ಬಣ್ಣ. ಬಾಟಲಿಯಲ್ಲಿ ತುಂಬಿಕೊಂಡು ಬಸ್ ಹತ್ತಿದೆ. ಪಕ್ಕದವರು ಕೇಳಿದರು:

"ಎಲ್ಲೀ ಔಷಧರಿ ಇದು? ಮೊಣಕಾಲ ನೋವಿಗೆ ನಡೀತೈತೇನ್ರಿ?"

"ಔಷಧ ಅಲ್ರಿ, ವಿಷ. ಖಣಿ ನೀರು."

"ಅಯ್ಯ, ಇದಕ್ಕ ಇಷ್ಟ ದೂರ ಬಂದಿರೇನ್ರಿ? ನಮ್ಮೂರ ಹಳ್ಳದಾಗ ಬೇಕಾದಷ್ಟ ಐತಿ!"

ಅವರ ದನಿಯಲ್ಲಿ ದುಃಖವಿರಲಿಲ್ಲ, ಊರಿನ ಅಭಿಮಾನವಿತ್ತು. ನನಗೆ ಮೈಯೆಲ್ಲ ಉರಿಯಿತು.

ಕಚೇರಿಯ ಜೀವಶಾಸ್ತ್ರ

ವರದಿ ಬರೆದು ಮಾಲಿನ್ಯ ತಡೆಯುವ ಸರಕಾರಿ ಕಚೇರಿಯ ಸಾಹೇಬರಿಗೆ ಕೊಟ್ಟೆ. ಈ ನೀರಲ್ಲಿ ಮೀನು, ಕಪ್ಪೆ ಬದುಕಲಾರವು. ಆಸಿಡ್ಡಿಗೆ ಒಗ್ಗಿದ ಸೂಕ್ಷ್ಮಜೀವಿಗಳು ಮಾತ್ರ ಜೀವಂತ ಇವೆ ಎಂದಿತ್ತು. ಸಾಹೇಬರು ಕೊನೆಯ ಎರಡೇ ಪದ ಓದಿದರು.

"ಜೀವಂತ ಅದಾವಲ್ರಿ? ಹಂಗಾರ ನೀರ ಚೊಲೋ ಐತಿ."

"ಸರ್, ಆ ಜೀವಗಳಿಗೆ ಆಸಿಡ್ಡೇ ಮನೀರಿ."

"ಅಷ್ಟ ಸಣ್ಣ ಹುಳಕ್ಕ ತಡೀತೈತಿ, ಇಷ್ಟ ದೊಡ್ಡ ಮನಷ್ಯಾಗ ತಡಿಯೂದಿಲ್ಲೇನ್ರಿ?"

ನಾನು ಓದಿದ ಓದಿಗೆಲ್ಲ ಅವತ್ತೇ ಎಳ್ಳುನೀರು ಬಿಟ್ಟೆ.

ಆಯಿಯ ತೀರ್ಪು

ಆಯಿ ಕಾಲೇಜಿಗೇ ಬಂದರು. ಖಣಿ ನೀರಿನ ಹನಿಯಲ್ಲಿ ಓಡಾಡುವ ಜೀವಗಳನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದೆ. ಮೆಚ್ಚುತ್ತಾರೆ ಅಂದುಕೊಂಡರೆ ಬೈಗುಳ ಶುರು.

"ನಾವು ಜೈನರು, ಜೀವ ಸಾಯಬಾರದಂತ ನೀರ ಸೋಸಿದ ಅರಿವೀನ ಅದೇ ಬಾವ್ಯಾಗ ಜಾಲಾಡ್ತೀವಿ. ಯಾವ ನೀರಿನ ಜೀವ ಆ ನೀರಿಗೇ ಮುಟ್ಟಬೇಕು. ನೀವು ಬಸ್ಸಿನ್ಯಾಗ ತಂದು ಗಾಜಿನ ಮ್ಯಾಲ ಒಣಗಸಾಕತ್ತೀರಿ!"

ಉಳಿದ ಬಾಟಲಿ ಹಿಡಿದು ಮತ್ತೆ ಖಣಿಗೆ ಹೊರಟೆ. ಪಕ್ಕದ ಸೀಟಿನಲ್ಲಿ ಆಯಿಯ ಕಾವಲು. ಟ್ಯಾಂಕರ್‌ಗಟ್ಟಲೆ ವಿಷ ಸುರಿದವರು ಆರಾಮಾಗಿದ್ದರು, ಒಂದು ಬಾಟಲಿ ತಂದ ನಾನು ಅಪರಾಧಿ!

ಸಾಹೇಬರ ಚಹಾ

ಹತ್ತು ಅರ್ಜಿಗಳ ನಂತರ ಸಾಹೇಬರು ಬಾವಿ ನೋಡಲು ಬಂದರು. ಆಯಿ ಬಾವಿ ನೀರಿನಲ್ಲೇ ಚಹಾ ಇಟ್ಟರು. ಹಾಲು ಹಾಕಿದ್ದೇ ತಡ, ಒಡೆದು ಗರಣೆ ಗರಣೆಯಾಯಿತು.

"ಎಮ್ಮಿ ಬದಲಿ ಮಾಡ್ರಿ ಆಯಿ," ಅಂದರು ಸಾಹೇಬರು.

 ಸಾಹೇಬರು ಕುಡಿಯಲೆಂದು ಜೀಪಿನಲ್ಲಿ ತಂದುಕೊಂಡಿದ್ದ ಬಾಟಲಿ ನೀರನ್ನು ಆಯಿ ತರಿಸಿ, ಅದರಲ್ಲಿ ಚಹಾ ಕುದಿಸಿ, ಅದೇ ಹಾಲು ಹಾಕಿದರು. ಚಹಾ ಚಂದ ಆಯಿತು.

"ಎಮ್ಮಿ ಅದೇ ಐತ್ರಿ ಸಾಹೇಬ್ರ, ಕುಡೀರಿ."

ಸಾಹೇಬರು ಕುಡಿದರು, ಬೆವರಿದರು. "ಖಣಿಗೆ ಸುಣ್ಣಾ ಸುರಿಸ್ತೀನ್ರಿ. ಹುಳಿ ಹೋಗತೈತಿ."

"ಸುಣ್ಣಾ ಹಾಕಿದ್ರ ಆ ಜೀವ ಸಾಯ್ತಾವಲ್ರಿ. ಆ ಪಾಪ ಯಾರ ತಲಿಗೆ?"

"ಮತ್ತೇನ ಮಾಡೂಣ್ರಿ ಆಯಿ?"

"ಯಾವ ನೀರಿನ ಜೀವ ಆ ನೀರಿಗೇ. ಅದೇ ಟ್ಯಾಂಕರ್ ಕರಸ್ರಿ, ಖಣಿ ನೀರೆಲ್ಲಾ ತುಂಬ್ರಿ. ಒಂದ ಹನಿ ಚೆಲ್ಲದಂಗ ಒಯ್ದು, ಆ ಕಾರ್ಖಾನಿ ಮಾಲಕನ ಅಂಗಳದಾಗ ಬಿಟ್ಟ ಬರ್ರಿ!"