ಹಿಂದಿನ ಕಾರಿನಲ್ಲಿ ಕೂರಲು ಒಬ್ಬರು ಬೇಕಾಗಿದ್ದಾರೆ

ಒಂಟಿ ಮನುಷ್ಯ ಎರಡು ವಾಹನ ಇಟ್ಟುಕೊಳ್ಳಬಾರದು. ಈ ಮಾತನ್ನು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಗೊತ್ತಿಲ್ಲ, ನಾನಂತೂ ಪೆಟ್ಟು ತಿಂದು ಕಲಿತೆ. ನನ್ನದೊಂದು ಮನೆಗಾಡಿ ಇದೆ. ಹಳೆಯ ಮಿನಿಬಸ್ಸಿನ ಸೀಟುಗಳನ್ನು ಕಿತ್ತು ಹಾಸಿಗೆ, ಒಲೆ, ಮೈ ತಿರುಗಿಸಲು ಜಾಗವಿಲ್ಲದ ಬಚ್ಚಲು ಕೂರಿಸಿದ್ದು. ನನ್ನ ವಾಸವೇ ಅದರಲ್ಲಿ. ಜೊತೆಗೊಂದು ಪುಟ್ಟ ಕಾರು. ಕೊತ್ತಂಬರಿ ಸೊಪ್ಪು ತರಲು ಮನೆಯನ್ನೇ ಓಡಿಸಿಕೊಂಡು ಮಲಾಡಿನ ಮಾರ್ಕೆಟ್ ಗಲ್ಲಿಗೆ ನುಗ್ಗಲಾಗುತ್ತದೆಯೇ? ಒಮ್ಮೆ ನುಗ್ಗಿದ್ದೆ. ಹೊರಗೆ ಬರಲು ಮೂವರು ತಳ್ಳುಗಾಡಿಯವರ ಸಹಾಯವೂ ನಾನು ಅಲ್ಲಿಯವರೆಗೆ ಕೇಳಿರದ ಕೆಲವು ಮರಾಠಿ ಬೈಗುಳಗಳೂ ಬೇಕಾದವು.

ಇದೆಲ್ಲ ಶುರುವಾದದ್ದು ಸಯನ್‌ನ ನಮ್ಮ ಬಿಲ್ಡಿಂಗು ರೀಡೆವಲಪ್‌ಮೆಂಟಿಗೆ ಹೋದಾಗ. ಮೂವತ್ತು ವರ್ಷ ಎರಡನೇ ಮಹಡಿಯಲ್ಲಿ ಇದ್ದವನು ನಾನು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುವವರೂ ಈಗ ಉಳಿದಿಲ್ಲ. ಹೊಸ ಕಟ್ಟಡ ಏಳುವವರೆಗೆ ಅಕ್ಕಪಕ್ಕದವರೆಲ್ಲ ಬಾಡಿಗೆ ಮನೆ ಹಿಡಿದು ಠಾಣೆ, ಪನ್ವೇಲ್, ಡೊಂಬಿವಲಿ ಎಂದು ದಿಕ್ಕುಪಾಲಾದರು. ನಾನೂ ಹಾಗೆ ಮಾಡಬಹುದಿತ್ತು. ಆದರೆ ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ಆ ಜಾತಿ ನಾನು. ಪರದೇಶದವರು ವರ್ಷವಿಡೀ ಇಂಥ ಗಾಡಿಯಲ್ಲೇ ಸಂಸಾರ ಮಾಡಿಕೊಂಡು, ಹಿಂದೆ ಕಾರನ್ನು ಎಳೆದುಕೊಂಡು ಊರೂರು ಸುತ್ತುವ ವಿಡಿಯೋಗಳನ್ನು ನೋಡಿದೆ. ನೋಡಿ ನೋಡಿ ತಲೆ ತಿರುಗಿತು. ಆ ವಿಡಿಯೋಗಳಲ್ಲೆಲ್ಲ ಇಬ್ಬಿಬ್ಬರು ಇರುತ್ತಿದ್ದರು ಎಂಬುದನ್ನು ಮಾತ್ರ ಗಮನಿಸಲಿಲ್ಲ. ಒಲೆ ಎಲ್ಲಿಟ್ಟಿದ್ದಾರೆ ಎಂದಷ್ಟೇ ನೋಡಿದೆ.

ಮೊದಲ ಸಲ ಸಯನ್‌ನಿಂದ ಮಲಾಡಿನ ಖಾಲಿ ಪ್ಲಾಟೊಂದಕ್ಕೆ ಹೊರಟಾಗಲೇ ಬುದ್ಧಿ ಬಂತು. ಮನೆಯನ್ನು ಅಲ್ಲಿ ನಿಲ್ಲಿಸಿ, ಲೋಕಲ್ ಹಿಡಿದು, ದಾದರಿನಲ್ಲಿ ಲೈನು ಬದಲಿಸಿ, ಸಯನ್‌ಗೆ ಬಂದು ಕಾರು ಒಯ್ದೆ. ರೈಲಿನಲ್ಲಿ ಪಕ್ಕದಲ್ಲಿ ಕೂತಿದ್ದವರು ಮಾತಿಗೆ ಮಾತು ಬಂದು, "ಆಪ್ ಕಾ ಘರ್ ಕಹಾಂ ಹೈ?" ಎಂದರು. "ಇವತ್ತು ಮಲಾಡಿನಲ್ಲಿದೆ" ಎಂದು ಹಿಂದಿಯಲ್ಲಿ ಹೇಳಿದೆ. ಅವರು ಮುಂದಿನ ಸ್ಟೇಷನ್‌ನಲ್ಲಿ ಬೇರೆ ಸೀಟಿಗೆ ಹೋದರು. ನನಗೂ ದಾರಿಯುದ್ದಕ್ಕೂ ಒಂದೇ ಯೋಚನೆ: ಮನೆ ಅಲ್ಲೇ ಇದೆಯೋ, ಯಾರಾದರೂ ಎತ್ತಿಕೊಂಡು ಹೋದರೋ?

ಈಗ ಪ್ಲಾಟಿನ ಮಾಲೀಕರು, ಮದುವೆಗೆ ಪೆಂಡಾಲು ಹಾಕಬೇಕು, ಭಾನುವಾರದೊಳಗೆ ಜಾಗ ಬಿಡಿ ಎಂದರು. ಬೈಕುಲ್ಲಾದಲ್ಲಿ ಗ್ಯಾರೇಜು ಇಟ್ಟಿರುವ ಹುಸೇನ್‌ಸಾಬರು ತಮ್ಮ ಅಂಗಳದಲ್ಲಿ ನಿಲ್ಲಿಸಿಕೊಳ್ಳಿ ಎಂದಿದ್ದರು. ಜಾಗವೇನೋ ಸಿಕ್ಕಿತು, ಆದರೆ ಮತ್ತೆ ಆ ಲೋಕಲ್ ಯಾತ್ರೆ ಬೇಡವೆನಿಸಿತು. ನಮ್ಮಲ್ಲಿ ಕಾರು ಎಳೆಯುವ ಪದ್ಧತಿ ಎಲ್ಲರಿಗೂ ಗೊತ್ತು: ಒಂದು ಹಗ್ಗ ಕಟ್ಟಬೇಕು, ಹಿಂದಿನ ಕಾರಿನಲ್ಲಿ ಒಬ್ಬರು ಸ್ಟಿಯರಿಂಗ್ ಹಿಡಿದು ಕೂರಬೇಕು, ಮುಂದಿನ ಗಾಡಿ ನಿಂತಾಗ ಬ್ರೇಕ್ ಒತ್ತಬೇಕು. ಹಗ್ಗ ಇತ್ತು. ಒಬ್ಬರು ಬೇಕಾಗಿತ್ತು.

ಫೋನು ತೆಗೆದೆ. ನೂರಾರು ನಂಬರುಗಳಿವೆ. ಕೆಡವಿದ ಬಿಲ್ಡಿಂಗಿನ ಪ್ಲಂಬರ್, ಅದೇ ಬಿಲ್ಡಿಂಗಿನ ಲಿಫ್ಟಿನವನು, ಯಾವುದೋ ಕಾಲದ ಗ್ಯಾಸಿನವನು. ಎದುರು ಮನೆಯಲ್ಲಿದ್ದ ಶೆಟ್ಟರಿಗೆ ಮಾಡಿದೆ. "ಬರ್ತಿದ್ದೆ ಮಾರಾಯ್ರೇ, ಆದ್ರೆ ಈ ಮೊಣಗಂಟು ನೋಡಿ, ಬ್ರೇಕ್ ಒತ್ತಿದ್ರೆ ಅಲ್ಲೇ ಉಳೀತದೆ" ಎಂದರು. ತಂಗಿಯ ಮಗಳು ಪುಣೆಯಿಂದ, "ಮಾಮಾ, ಆ್ಯಪ್ ಮೇಲೆ ಡ್ರೈವರ್ ಸಿಗ್ತಾನೆ ನಾ, ಬುಕ್ ಕರೋ, ಟೆನ್ಶನ್ ಯಾಕೆ?" ಎಂದಳು. ಬುಕ್ ಮಾಡಿದೆ ಕೂಡ. ಬಂದ ಡ್ರೈವರ್ ಎಂಜಿನ್ ಬಂದ್ ಆಗಿರುವ ಕಾರಿನಲ್ಲಿ ಕೂರುವುದು ತನ್ನ ಧಂದೆಗೆ ಅವಮಾನವೆಂದು ಹೊರಟುಹೋದ. ಮೂವತ್ತು ವರ್ಷ ಒಂದೇ ಊರಿನಲ್ಲಿದ್ದು, ಒಂದು ಬೆಳಿಗ್ಗೆ ನನ್ನ ಹಿಂದೆ ಸುಮ್ಮನೆ ಕೂತು ಬರುವ ಒಬ್ಬರನ್ನು ನಾನು ಸಂಪಾದಿಸಿರಲಿಲ್ಲ. ಇದು ತಮಾಷೆಯ ವಿಷಯವೆಂದೇ ನಿಮಗೆ ಹೇಳಲು ಹೊರಟಿದ್ದೆ. ಆದರೆ ಆ ಸಂಜೆ ನಗು ಬರಲಿಲ್ಲ, ಅಳು ಬಂತು.

ಕೊನೆಗೆ ಹುಸೇನ್‌ಸಾಬರನ್ನೇ ಕೇಳಿದೆ. ಅವರು ವಿಜಯಪುರದ ಕಡೆಯವರು, ನಾನು ಬಾಗಲಕೋಟೆಯವನು, ಆ ಸಲಿಗೆ. "ಕುಂಡ್ರೂದೇನ್ ದೊಡ್ಡ ಮಾತಲ್ರಿ ಸಾಹೇಬ್ರ. ಆದ್ರ ಪ್ರತಿ ಸರ್ತಿ ಯಾರನ್ನ ಹುಡುಕ್ಕೋಂತ ಅಡ್ಡಾಡ್ತೀರಿ? ತಡೀರಿ, ಒಂದ್ ರಾಡ್ ಮಾಡೇ ಕೊಡ್ತೀನಿ" ಎಂದರು. ಭಾನುವಾರ ಬೆಳಿಗ್ಗೆ ವೆಲ್ಡಿಂಗ್ ಸಾಮಾನು ಸಮೇತ ಮಲಾಡಿಗೇ ಬಂದು, ಮನೆಯ ಬಾಲಕ್ಕೂ ಕಾರಿನ ಮೂತಿಗೂ ನಡುವೆ ತ್ರಿಕೋನದ ಕಬ್ಬಿಣದ ಚೌಕಟ್ಟು ಕೂರಿಸಿದರು. ಈಗ ಮನೆ ತಿರುಗಿದರೆ ಕಾರಿನ ಗಾಲಿಯೂ ತಾನಾಗಿ ತಿರುಗುತ್ತದೆ. ಕೈ ಒರೆಸಿಕೊಳ್ಳುತ್ತ ಹೆಮ್ಮೆಯಿಂದ ಹೇಳಿದರು: "ಮುಗೀತ್ ನೋಡ್ರಿ. ಇನ್ನ ನಿಮಗ ಯಾರೂ ಬೇಕಾಗಿಲ್ಲ!"

ಸಂತೋಷಪಡಬೇಕಾಗಿತ್ತು. ನಾನು ಬೆಪ್ಪನ ಹಾಗೆ ನಿಂತೆ. ಅವರಿಗೆ ಏನನ್ನಿಸಿತೋ, "ಆದ್ರ ಇವತ್ತೊಂದಿನ ಜೋಡಣಿ ಮ್ಯಾಲ ಕಣ್ ಇಡಬೇಕ್ರಿ. ನಾ ಮುಂದ ಹೊಡೀತೀನಿ, ನೀವ್ ಹಿಂದ ಕೂಡ್ರಿ" ಎಂದರು.

ಹಾಗೆ ನನ್ನ ಕಾರಿನಲ್ಲಿ ನಾನೇ ಕೂತೆ. ಎಂಜಿನ್ನಿನ ಸದ್ದಿಲ್ಲ, ಮಾಡಲು ಕೆಲಸವಿಲ್ಲ. ಹೈವೇ ಸಿಗ್ನಲ್ಲಿನಲ್ಲಿ ಒಬ್ಬ ಬೈಕಿನವನು ಬಗ್ಗಿ, "ಕಾಕಾ, ಬಂದ್ ಪಡ್ ಗಯೀ ಕ್ಯಾ?" ಎಂದು ಕನಿಕರದಿಂದ ಕೇಳಿದ. ಮುಂದೆ ನನ್ನ ಮನೆ ಹೋಗುತ್ತಿತ್ತು, ಕಿಟಕಿಯಲ್ಲಿ ನನ್ನ ಟವೆಲ್ಲು ಅಲ್ಲಾಡುತ್ತಿತ್ತು. ಅದರ ಹಿಂದೆ ನಾನು. ಹತ್ತು ನಿಮಿಷಕ್ಕೊಮ್ಮೆ ಹುಸೇನ್‌ಸಾಬರು ಸ್ಪೀಕರ್ ಫೋನಿನಲ್ಲಿ, "ಸಾಹೇಬ್ರ, ಅದೀರಿಲ್ಲೋ?" ಎನ್ನುತ್ತಿದ್ದರು. "ಅದೀನ್ರೀ, ಅದೀನಿ" ಎನ್ನುತ್ತಿದ್ದೆ. ನಾನು ಇದ್ದೇನೆಯೇ ಎಂದು ಯಾರಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ಬೈಕುಲ್ಲಾ ಇಷ್ಟು ಹತ್ತಿರವೆಂದು ನನಗೆ ಗೊತ್ತೇ ಇರಲಿಲ್ಲ.

ಇಳಿದ ಮೇಲೆ, "ಏನರೆ ಸಪ್ಪಳ ಬಂತೇನ್ರಿ?" ಎಂದು ಕೇಳಿದರು. ಒಂದು ಚೂರೂ ಬಂದಿರಲಿಲ್ಲ. "ಕಟಕಟ ಅಂತಿತ್ರಿ, ಸಣ್ಣಗ" ಎಂದುಬಿಟ್ಟೆ. ಅವರು ಗಾಡಿಯ ಅಡಿಗೆ ತೂರಿ ಎಲ್ಲ ತಟ್ಟಿ ನೋಡಿ, ಮುಂದಿನ ಭಾನುವಾರ ಇನ್ನೊಂದು ಸುತ್ತು ಹೋಗಿ ನೋಡೋಣ ಎಂದರು. ಹೀಗೆ ನಾಲ್ಕು ಭಾನುವಾರಗಳಾದವು. ಸಯನ್‌ವರೆಗೆ ಹೋಗಿ ಬರುತ್ತೇವೆ. ಅವರು ಮುಂದೆ, ನಾನು ಹಿಂದೆ. ಮೊನ್ನೆ ಅಡಿಯಿಂದ ಎದ್ದು ಬಂದವರು ಮುಖ ನೋಡದೆ ಹೇಳಿದರು: "ಇದು ಜಲ್ದಿ ಹೋಗೂ ಸಪ್ಪಳ ಅಲ್ರಿ ಸಾಹೇಬ್ರ. ಬರೂ ಐತವಾರ ಚಾ ಕುಡುದ ಹೋಗೂಣು."

ನಾನು ಕೆಲಸ ಮಾಡಿ ನಿವೃತ್ತನಾದದ್ದು ಒಂದು ವಿಮಾ ಕಚೇರಿಯಲ್ಲಿ. ಜನರ ಸುಳ್ಳು ಕ್ಲೇಮುಗಳನ್ನು ಹಿಡಿಯುವುದೇ ನನ್ನ ಉದ್ಯೋಗ. ಇಂಥದೊಂದು ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ, ಎರಡನೇ ಸಾಲು ಓದುವ ಮೊದಲೇ ತಿರಸ್ಕರಿಸುತ್ತಿದ್ದೆ.