ಕಸ ಕೊಡದ ಊರಿಗೆ ಕಸದ ಗಾಡಿ

ಕಸದ ಗಾಡಿ ಓಡಿಸೋರಿಗೆ ದಿನಾ ಏನಾದರೊಂದು ಆಗ್ತಾನೇ ಇರುತ್ತೆ. ಕೇಳಿದೋರೆಲ್ಲ ಬಿದ್ದೂ ಬಿದ್ದೂ ನಗ್ತಾರೆ. ಆಗೋವಾಗ ಮಾತ್ರ ನನಗೆ ನಗು ಬಂದಿರಲ್ಲ.

ನಮ್ಮೂರು ಗುಂಡ್ಲುಪೇಟೆಗೂ ಬೇಗೂರಿಗೂ ನಡುವೆ, ಹೈವೇಯಿಂದ ಸ್ವಲ್ಪ ಒಳಗೆ. ಅರಿಶಿನದ ಹೊಲದಲ್ಲಿ ಕೂಲಿ ಮಾಡ್ತಿದ್ದ ನನ್ನನ್ನ ಮಹಿಳಾ ಸಂಘದೋರು ಆರಿಸಿ, ಡ್ರೈವಿಂಗ್ ಕಲಿಸಿ, ಪಂಚಾಯ್ತಿ ಗಾಡಿ ಕೈಗೆ ಕೊಡಿಸಿದ್ರು. ಮೊದಲ ದಿನವೇ ಪಿಡಿಒ ಹೇಳಿದ್ರು: "ನೋಡಮ್ಮ, ಗಾಡಿ ಖಾಲಿ ಓಡಾಡಿದ್ರೆ ಮೇಲಿನೋರು ಸುಮ್ನಿರಲ್ಲ. ಪಕ್ಕದ ಪಂಚಾಯ್ತಿಯೋರು ಕೇಳ್ತಾ ಇದ್ದಾರೆ, ಅವರಿಗೆ ಕೊಟ್ಟುಬಿಡ್ತಾರೆ." ಅವತ್ತಿಂದ ನನ್ನ ನಿದ್ದೆ ಹಾರಿಹೋಯ್ತು. ಗಾಡಿ ಹೋದ್ರೆ ಮತ್ತೆ ಸೊಂಟ ಬಗ್ಗಿಸಿ ಕಳೆ ಕೀಳಬೇಕು. ಸ್ಟೀರಿಂಗ್ ಹಿಡಿದು ನೆಟ್ಟಗೆ ಕೂರೋ ರುಚಿ ನನಗೆ ಆಗಲೇ ಹತ್ತಿಬಿಟ್ಟಿತ್ತು.

ತಿಪ್ಪೆಯ ಅಜ್ಜಿ

ಮೊದಲ ಮನೆ ಮುಂದೆ ಹಾಡು ಹಾಕಿ ನಿಂತೆ. ಒಂದು ಅಜ್ಜಿ ಆಚೆ ಬಂದು, ಸೊಂಟದ ಮೇಲೆ ಕೈಯಿಟ್ಟು ಗಾಡಿ ನೋಡ್ತು.

"ಕಸ ಕೊಡಜ್ಜಿ," ಅಂದೆ.

"ಯಾಕ್ ಕೊಡ್ಲವ್ವ? ಸಗಣಿ, ಬೂದಿ, ತರಗು ಎಲ್ಲಾನೂ ತಿಪ್ಪೆಗೆ ಆಕ್ತೀನಿ. ಒಲಕ್ಕೆ ಗೊಬ್ಬರ ಆಯ್ತದೆ. ನಿಂಗೆ ಗೊಬ್ಬರ ಬೇಕಾದ್ರೆ ನೀನೂ ಒಂದು ದನ ಕಟ್ಕೊ."

"ಅದಲ್ಲ ಕಣಜ್ಜಿ, ಪ್ಲಾಸ್ಟಿಕ್ ಕೊಡು ಸಾಕು."

"ಅದು ಒಲೆ ಹಚ್ಚಕ್ಕೆ ಬೇಕು."

"ಊರೋರೆಲ್ಲ ಇಂಗೇ ಅಂದ್ರೆ ನನ್ ಕೆಲ್ಸ ಓಯ್ತದೆ ಕಣಜ್ಜಿ," ಅಂದೆ. ಅಜ್ಜಿಗೂ ಕರುಳು ಚುರುಕ್ ಅಂತೇನೋ, ಒಳಗೆ ಹೋಗಿ ಒಡೆದ ಪ್ಲಾಸ್ಟಿಕ್ ಬಕೆಟ್ ತಂದು ಗಾಡಿಗೆ ಹಾಕ್ತು. ಸದ್ಯ ಅಂದ್ಕೊಂಡು ಗೇರ್ ಹಾಕೋವಷ್ಟರಲ್ಲಿ ಹಿಂದಿನಿಂದ ಕೂಗ್ತು: "ಆಪೀಸ್ನೋರು ನೋಡಾದ್ಮೇಲೆ ಸಂಜೆಗೆ ತಂದ್ಕೊಟ್ಬುಡು. ಕೋಳಿಗೆ ನೀರಿಡಕ್ಕೆ ಬೇಕು."

ಶುಕ್ರವಾರ

ಬೇರೆ ದಿನ ಅಷ್ಟೋ ಇಷ್ಟೋ ಸಿಗ್ತಿತ್ತು. ಶುಕ್ರವಾರ ಮಾತ್ರ ಒಂದು ಕಡ್ಡಿನೂ ಇಲ್ಲ. ಶುಕ್ರವಾರ ಮನೆಯಿಂದ ಏನೂ ಆಚೆ ಕೊಡಬಾರದು, ಲಕ್ಷ್ಮಿ ಹೊರಟುಹೋಗ್ತಾಳೆ ಅಂತ. ಕಸದ ಜೊತೆಗೂ ಹೋಗ್ತಾಳಂತೆ.

ಅಂಥ ಒಂದು ಶುಕ್ರವಾರ ಪಿಡಿಒ ಫೋನ್ ಮಾಡಿ, "ಗಾಡಿ ತಗೊಂಡು ಬಾಮ್ಮ, ಫೋಟೋ ಕಳಿಸ್ಬೇಕು," ಅಂದ್ರು. ಗಾಡಿನ ಮನೆಗೆ ತಿರುಗಿಸಿ, ಅಡುಗೆಮನೆಯ ಕಸದ ಬುಟ್ಟಿ ಎತ್ಕೊಂಡು ಕಳ್ಳಿ ಥರ ಆಚೆ ಬರ್ತಿದ್ದೆ. ಹೊಸಲ ಹತ್ತಿರ ಅತ್ತೆ ಅಡ್ಡ ನಿಂತ್ರು.

"ಶುಕ್ರವಾರದ ದಿವ್ಸ ಏನ್ ಎತ್ಕೊಂಡ್ ಓಯ್ತಿದ್ದೀಯೆ?"

"ಕಸ ಕಣತ್ತೆ. ಗಾಡಿ ಖಾಲಿ ಅದೆ. ಕೆಲ್ಸ ಓದ್ರೆ ಏನ್ ಮಾಡನ?"

ಅತ್ತೆ ಒಂದು ಗಳಿಗೆ ಯೋಚನೆ ಮಾಡಿದ್ರು. "ಊರೋರ ಮನೆ ಲಕ್ಷ್ಮೀನೆಲ್ಲ ತುಂಬ್ಕೊಂಡ್ ಬಾ, ನಾನು ಬ್ಯಾಡ ಅನ್ನಕಿಲ್ಲ. ನಮ್ಮನೆ ಬುಟ್ಟಿ ಮಾತ್ರ ಕೆಳಗಿಡು."

ಅವತ್ತಿನ ಫೋಟೋದಲ್ಲಿ ನಾನು ಸೆರಗು ಅಗಲ ಮಾಡ್ಕೊಂಡು ಗಾಡಿಗೆ ಅಡ್ಡ ನಿಂತಿದ್ದೀನಿ. ಹಿಂದೆ ಏನಿದೆ ಅಂತ ಕಾಣಲ್ಲ. ಕಾಣೋಕೆ ಏನೂ ಇರಲೂ ಇಲ್ಲ.

ಅಮಾವಾಸ್ಯೆ ಮಾರನೇ ದಿನ

ಕೊನೆಗೆ ನಾನು ಹೆದರಿದ್ದೇ ಆಯ್ತು. ಚಾಮರಾಜನಗರದಿಂದ ಸಾಹೇಬ್ರು ಬರ್ತಾರೆ, ಪಕ್ಕದ ಪಂಚಾಯ್ತಿ ಡ್ರೈವರ್ನೂ ಜೊತೆಗೇ ಕರ್ಕೊಂಡು ಬರ್ತಾರೆ, ಗಾಡಿ ತುಂಬಿಲ್ಲ ಅಂದ್ರೆ ಕೀ ಅವನಿಗೆ ಅಂತ ಸುದ್ದಿ ಬಂತು. ಬೆಟ್ಟದ ಗೋಪಾಲಸ್ವಾಮಿಗೆ ಹರಕೆ ಹೊತ್ತು ಗಾಡಿ ತೆಗೆದೆ.

ನಂಬ್ತೀರೋ ಇಲ್ಲವೋ, ಪ್ರತಿ ಮನೆಯಿಂದಲೂ ಹೆಂಗಸರು ಮೊರ, ಬುಟ್ಟಿ ಹಿಡ್ಕೊಂಡು ಓಡೋಡಿ ಬಂದ್ರು. ಖುಷಿಯಾಗಿ ಇಳಿದು ನೋಡ್ತೀನಿ, ಗಾಡಿ ತುಂಬ ಕುಂಕುಮ ಮೆತ್ತಿದ ಬೂದುಗುಂಬಳಕಾಯಿ, ಕೊಯ್ದ ನಿಂಬೆಹಣ್ಣು, ಮೆಣಸಿನಕಾಯಿ. ಹಿಂದಿನ ದಿನ ಅಮಾವಾಸ್ಯೆ. ದೃಷ್ಟಿ ತೆಗೆದದ್ದನ್ನ ಯಾವಾಗಲೂ ಮೂರು ದಾರಿ ಕೂಡೋ ಕಡೆ ಎಸೀತಿದ್ರು. ಅಲ್ಲಿ ಎಸೆದ್ರೆ ದಂಡ ಅಂತ ಪಂಚಾಯ್ತಿಯೋರು ಹೊಸದಾಗಿ ಬೋರ್ಡ್ ಹಾಕಿದ್ರು.

"ಇದನ್ನೆಲ್ಲ ಗಾಡಿಗೆ ಆಕ್ತಾರಾ ಅಕ್ಕಾ?" ಅಂತ ಮುಂದೆ ನಿಂತಿದ್ದೋಳನ್ನ ಕೇಳಿದೆ.

"ಮೂರ್ ದಾರಿ ತಾನೇ ಬೇಕು? ನಿನ್ ಗಾಡಿ ಊರ್ನ ಎಲ್ಲಾ ದಾರೀಲೂ ಓಯ್ತದೆ, ಇನ್ನೂ ಒಳ್ಳೇದು ಕಣಮ್ಮಿ," ಅಂತ ಇನ್ನೊಂದು ಕುಂಬಳಕಾಯಿ ಹಾಕಿದ್ಲು.

ಇಡೀ ಊರಿನ ದೃಷ್ಟಿ ನನ್ನ ಬೆನ್ನ ಹಿಂದೆ. ಗಾಡಿ ತುಂಬಿದ್ದಕ್ಕೆ ನಗಲೋ, ತುಂಬಿರೋದನ್ನ ನೋಡಿ ಅಳಲೋ ಗೊತ್ತಾಗದೆ ಪಂಚಾಯ್ತಿ ಆಫೀಸಿಗೆ ಬಂದೆ.

ಸಾಹೇಬ್ರು ತಾವೇ ಟಾರ್ಪಾಲ್ ಎತ್ತಿದ್ರು. ಒಳಗೆ ಇಣುಕಿ, "ಇದು ಹಸಿ ಕಸಾನಾ, ಒಣ ಕಸಾನಾ?" ಅಂದ್ರು.

"ಗೊತ್ತಿಲ್ಲ ಸಾರ್. ನಮ್ಮೂರ ದೃಷ್ಟಿ."

"ಇದು ಕಸದ ಲೆಕ್ಕಕ್ಕೆ ಬರಲ್ಲಮ್ಮ. ಕೀ ಕೊಟ್ಬಿಡಿ."

ಕಣ್ಣಲ್ಲಿ ನೀರು ತುಂಬ್ಕೊಂಡು ಪಕ್ಕದ ಪಂಚಾಯ್ತಿ ಡ್ರೈವರ್ ಕೈಗೆ ಕೀ ಕೊಟ್ಟೆ. ಗಿರಿಜಾ ಮೀಸೆಯ ಗಟ್ಟಿ ಆಳು. ಆಗಲೇ ಸೀಟು ಒರೆಸ್ತಾ ನಿಂತಿದ್ದ. ಏನಿದೆ ನೋಡನ ಅಂತ ಹಿಂದಕ್ಕೆ ಹೋಗಿ ಬಗ್ಗಿ ನೋಡಿದ. ವಾಪಸ್ ಬಂದೋನು ಕೀನ ನನ್ನ ಕೈಗೂ ಕೊಡಲಿಲ್ಲ, ನೆಲದ ಮೇಲಿಟ್ಟು ದೂರ ಸರಿದ.

"ಸಾರ್, ನಂಗೆ ಇಬ್ರು ಮಕ್ಕಳವೆ. ಈ ಗಾಡಿ ಬ್ಯಾಡ."

"ಖಾಲಿ ಮಾಡಿಸ್ಕೊಂಡು ತಗೊಂಡ್ಹೋಗಪ್ಪ."

"ಯಾರ್ ಸಾರ್ ಖಾಲಿ ಮಾಡೋರು?"

ಸಾಹೇಬ್ರು ಪಿಡಿಒ ಮುಖ ನೋಡಿದ್ರು. ಪಿಡಿಒ ಅಟೆಂಡರ್ ಮುಖ ನೋಡಿದ್ರು. ಅಟೆಂಡರ್ ಆಕಾಶ ನೋಡ್ದ.

"ಸರಿ, ಗಾಡಿ ಇಲ್ಲೇ ಇರ್ಲಿ, ಈಯಮ್ಮನೇ ಓಡಿಸ್ಲಿ," ಅಂದ್ರು ಸಾಹೇಬ್ರು.

ಹೋದ ಜೀವ ಬಂದಂಗಾಯ್ತು. ನೆಲದ ಮೇಲಿದ್ದ ಕೀ ಎತ್ಕೊಂಡು ಸೀಟಲ್ಲಿ ಕೂತು ಸ್ಟಾರ್ಟ್ ಮಾಡಿದೆ. ಜೀಪ್ ಹತ್ತಿದ್ದ ಸಾಹೇಬ್ರು ಗಾಬರಿಯಿಂದ ಕೈ ಅಡ್ಡ ಹಿಡಿದ್ರು. ಮನಸ್ಸು ಬದಲಾಯಿಸಿದ್ರೇನೋ ಅಂದ್ಕೊಂಡು ಬ್ರೇಕ್ ಒತ್ತಿದೆ.

"ಅಮ್ಮಾ, ಒಂದ್ನಿಮಿಷ," ಅಂದ್ರು. "ಮೊದ್ಲು ನಮ್ಮ ಜೀಪ್ ಹೋಗ್ಬಿಡ್ಲಿ. ನಮ್ಮ ಮುಂದೆ ಮಾತ್ರ ದಾಟಿಸ್ಬೇಡಿ."