ಬೆಕ್ಕಿನ ಪಥ್ಯ

ಎಲ್ಲದಕ್ಕೂ ಕಾರಣ ಆ ಡಾಕ್ಟರು. ಉತ್ತರಾಯಣದ ಹಬ್ಬದ ಗಾಳಿಪಟಗಳು ಇಳಿದ ಮೇಲೆ, ಗಾಜಿನ ಪುಡಿ ಮೆತ್ತಿದ ದಾರಕ್ಕೆ ಸಿಕ್ಕಿ ಕಾಲು ಕೊಯ್ದುಕೊಂಡಿದ್ದ ಬೀದಿಬೆಕ್ಕನ್ನು ಹಾಲೇಶ ಎತ್ತಿಕೊಂಡು ಹೋದಾಗ, ಪಟ್ಟಿ ಕಟ್ಟಿದ ಅವರು, “ಬೇಯಿಸಿದ ಮೊಟ್ಟೆ ಕೊಡಿ. ಹತ್ತಿರ ಕೂತು ಮಾತಾಡಿ, ಮನುಷ್ಯರ ಭಯ ಹೋಗಲಿ” ಎಂದಿದ್ದರು.

ಎರಡೂ ಹಾಲೇಶನಿಗೆ ಕಷ್ಟವೇ. ಅವನು ಹುಟ್ಟಿನಿಂದ ಮೊಟ್ಟೆ ಮುಟ್ಟಿದವನಲ್ಲ. ಅವನು ಬಾಡಿಗೆಗಿದ್ದ ವಡೋದರಾದ ಸಸ್ಯಾಹಾರಿ ವಸತಿ ಸೊಸೈಟಿಯಲ್ಲಿ ಮೊಟ್ಟೆ ಗೇಟು ದಾಟುವಂತೆಯೂ ಇರಲಿಲ್ಲ. ಇನ್ನು ಮಾತು. ಮಕರಪುರದ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದು ಕೇಳಿ ಬಂದವನಿಗೆ ಮನೆಯಲ್ಲಿ ಮಾತಾಡಲು ಯಾರೂ ಇರಲಿಲ್ಲ. ದಾವಣಗೆರೆಯಿಂದ ತಂದ ಮಾತುಗಳು ಅಟ್ಟದ ಮೇಲಿನ ತಾಮ್ರದ ಪಾತ್ರೆಯಂತೆ ಕಿಲುಬು ಹಿಡಿದಿದ್ದವು. ಬೆಕ್ಕು ಮಂಚದಡಿ ಸೇರಿ, ಅವನಿಟ್ಟ ಹಾಲನ್ನು ಒಲ್ಲದ ಮನಸ್ಸಿನಿಂದ ನೆಕ್ಕುತ್ತಿತ್ತು. ಆದರೂ ಬೀಗ ತೆಗೆದಾಗ ಒಳಗೆ ಇನ್ನೊಂದು ಉಸಿರಿದೆ ಎನ್ನುವುದೇ ಅವನಿಗೆ ಸಾಕಾಗಿತ್ತು.

ಭಾನುವಾರ ಬೆಳಿಗ್ಗೆ ಕೆಳಮನೆಯ ಕಿಶೋರ್‌ಭಾಯ್, ಸೊಸೈಟಿಯ ಚೇರ್ಮನ್ನರು, ಬಂದರು.

“ಹಾಲೇಶ್‌ಭಾಯ್, ಮಕ್ಕಳನ್ನ ಪರಚಿದ್ರೆ ಯಾರು ಹೊಣೆ? ಸಂಜೆ ನೋಡೋಕೆ ಬರ್ತೀವಿ. ಯಾರದಾದ್ರೂ ಮಡಿಲಿಗೆ ಬಂದ್ರೆ ಇರಲಿ. ಇಲ್ಲಾಂದ್ರೆ ಗೇಟಿನಾಚೆ.”

ಹಾಲೇಶ ನೆಲಕ್ಕೆ ಕೆನ್ನೆಯಿಟ್ಟು “ಬಾ” ಎಂದ. ತುಂಬಾ ಹೊತ್ತು ಬಿಟ್ಟು “ಬಾರೋ” ಎಂದ. ಬೆಕ್ಕು ಸಂದರ್ಶನಕ್ಕೆ ಕೂತ ಅಧಿಕಾರಿಯಂತೆ ನೋಡಿತು.

ಗಂಡನ ಬ್ಯಾಂಕಿನ ವರ್ಗಾವಣೆಯಿಂದ ಕರ್ನಾಟಕ ಬಿಟ್ಟು ಬಂದಿದ್ದ ಎದುರುಮನೆಯ ಗಿರಿಜಮ್ಮ ಬಾಗಿಲಲ್ಲಿ ನಕ್ಕರು. “ಅಲ್ಲಪ್ಪಾ, ಅದು ಗುಜರಾತಿ ಬೆಕ್ಕು. ಕನ್ನಡದಲ್ಲಿ ಕರೆದ್ರೆ ಬರುತ್ತಾ? ಅದೂ ಹೆಣದ ಮುಂದೆ ಕೂತವನ ಥರ ಕರೀತಿದ್ದೀಯ!”

ಉಳಿದದ್ದು ಮೊಟ್ಟೆ. ಹಾಲೇಶ ದೂರದ ಅಂಗಡಿಗೆ ಸೈಕಲ್ ತುಳಿದು, ಪ್ಯಾಂಟಿನ ಜೇಬಿಗೊಂದರಂತೆ ಎರಡು ಇಟ್ಟುಕೊಂಡು ಬಂದ. ಗೇಟಿನಲ್ಲಿ ಕಿಶೋರ್‌ಭಾಯ್, “ಬೇಜಾರು ಮಾಡ್ಕೋಬೇಡಿ” ಎಂದು ಬಲವಾಗಿ ಅಪ್ಪಿಕೊಂಡರು. ಎಡಜೇಬಿನ ಮೊಟ್ಟೆ ಮೆಲ್ಲಗೆ ಶರಣಾಯಿತು.

“ಯಾಕೆ ಕುಂಟ್ತೀರಿ?”

“ಬೆಕ್ಕನ್ನ ನೋಡಿ ನೋಡಿ ಅಭ್ಯಾಸ ಆಯ್ತು.”

ಉಳಿದದ್ದನ್ನು ಬೇಯಿಸಿದ. ವಾಸನೆ ಮುಚ್ಚಲು ಕಟ್ಟಿನಲ್ಲಿದ್ದಷ್ಟೂ ಊದುಬತ್ತಿ ಹಚ್ಚಿದ. ಹೊಗೆ ಮೆಟ್ಟಿಲಿಳಿದು ಮನೆಮನೆಗೆ ಆಮಂತ್ರಣ ಕೊಟ್ಟು ಬಂತು. ಏನೋ ಪೂಜೆಯೆಂದು ಕಿಶೋರ್‌ಭಾಯಿಯ ಹೆಂಡತಿ ಸುಲೋಚನಾಬೆನ್ ತಲೆಯ ಮೇಲೆ ಸೆರಗು ಹೊದ್ದು ಪ್ರಸಾದಕ್ಕೆ ಬಂದರು, ಹಿಂದೆ ಗಿರಿಜಮ್ಮ. ಹಾಲೇಶ ಮೊಟ್ಟೆಯನ್ನು ಮಂಚದಡಿ ನೂಕಿ, ಇಬ್ಬರ ಅಂಗೈಗೂ ಸಕ್ಕರೆ ಹಾಕಿದ.

“ಎಲ್ಲಿ ನಮ್ಮ ಬೆಕ್ಕು? ಆವ್ ಬೇಟಾ, ಆವ್!” ಎಂದು ನೆಲದ ಮೇಲೆ ಕೂತು ಗುಜರಾತಿಯಲ್ಲಿ ಕರೆದರು ಸುಲೋಚನಾಬೆನ್.

ಬೆಕ್ಕು ಕುಂಟುತ್ತ ಹೊರಬಂದು ಸೀದಾ ಅವರ ಮಡಿಲೇರಿತು. ಅಷ್ಟರಲ್ಲಿ ಒಳಬಂದ ಕಿಶೋರ್‌ಭಾಯ್ ಬೆಕ್ಕಿನ ಮೀಸೆಯನ್ನೇ ನೋಡಿದರು.

“ಇದೇನು ಹಳದಿ?”

“ತೊವ್ವೆ ಇರಬೇಕು,” ಎಂದರು ಗಿರಿಜಮ್ಮ.

ಕಿಶೋರ್‌ಭಾಯ್ ಹಾಲೇಶನ ಎಡಜೇಬನ್ನು ನೋಡಿದರು. ಅಲ್ಲಿಂದಲೂ ತೊವ್ವೆ ಇಳಿದಿತ್ತು.

ತೀರ್ಪು ಅಲ್ಲೇ ಆಯಿತು. “ಪ್ರಾಣಿಗೇನು ಗೊತ್ತು, ಪಾಪ. ಅದು ನಮ್ಮನೇಲಿ ಇರುತ್ತೆ. ನೀವು ತಿಂಗಳ ಕೊನೆಗೆ ಖಾಲಿ ಮಾಡಿ.”

ದೀಪ ಹಚ್ಚುವ ಹೊತ್ತಿಗೆ ಕಿಶೋರ್‌ಭಾಯ್ ಮತ್ತೆ ಬಂದರು. ಒಬ್ಬರೇ. ಒಳಗೆ ಬಂದು ಚಿಲಕ ಹಾಕಿದರು.

“ಹಾಲು ಮೂಸಿಯೂ ನೋಡ್ತಿಲ್ಲ. ಸುಲೋಚನಾ ಅಳ್ತಿದ್ದಾಳೆ.” ದನಿ ಇನ್ನೂ ತಗ್ಗಿತು. “ನಮ್ಮಲ್ಲಿ ದೇವರಮನೆ ಇದೆ, ಬೇಯಿಸೋಕಾಗಲ್ಲ. ನೀವು ಮನೆ ಬಿಡಬೇಡಿ. ದಿನಾ ಒಂದು ಬೇಯಿಸಿ ಕೊಡಿ. ಯಾರಿಗೂ ಗೊತ್ತಾಗಬಾರದು.”

“ಹಾಗಾದ್ರೆ ಬೆಕ್ಕು ಇಲ್ಲೇ...”

“ಅದಕ್ಕೆ ನಿಮ್ಮನ್ನ ಕಂಡ್ರೆ ಭಯ ಅಲ್ವಾ, ಹಾಲೇಶ್‌ಭಾಯ್?”

ಅವರು ಹೋದ ಮೇಲೆ ಹಾಲೇಶ ಮತ್ತೆ ಸೈಕಲ್ ತುಳಿದು ಬಂದು, ಕಿಟಕಿ ಮುಚ್ಚಿ, ಒಲೆ ಹೊತ್ತಿಸಿದ. ನೀರು ಕುದಿಯುವುದನ್ನು ಕಾಯುತ್ತಿದ್ದಾಗ ನೆಲದಡಿಯ ಕೆಳಮನೆಯಿಂದ ಬೆಕ್ಕಿನ ಕೂಗು ಕೇಳಿಸಿತು.

ಅವನ ಮಂಚದಡಿ ಇದ್ದಷ್ಟು ದಿನ ಅದು ಒಮ್ಮೆಯೂ ಕೂಗಿರಲಿಲ್ಲ.